ಆಟಿಯ ಕಹಿ, ಭರಣಿಯ ಹುಳಿ

ಆಟಿ ತಿಂಗಳಲ್ಲಿ ಮಂಗಳೂರಿನಿಂದ ಪುತ್ತೂರು ದಾಟಿ ಸುಳ್ಯದತ್ತ ಹೊರಟವರಿಗೆ ದಾರಿಯುದ್ದಕ್ಕೂ ಮಳೆಯೇ ಜೊತೆಗಾರ. ಇಕ್ಕೆಲಗಳಲ್ಲೂ ಅಡಿಕೆ ತೋಟ, ರಬ್ಬರ್ ಮರಗಳ ಸಾಲು, ನಡುನಡುವೆ ಕೆನ್ನೀರು ತುಂಬಿ ಹರಿಯುವ ತೋಡು. ತೋಟದ ಮಧ್ಯದ ಹಂಚಿನ ಮನೆಯ ಜಗಲಿ ಹತ್ತಿದರೆ ಬಂದವರ ಕೈಗೆ ಒಂದು ಲೋಟ ಪುನರ್ಪುಳಿ ಶರಬತ್ತು ಬರುವುದುಂಟು. ಮಾಣಿಕ್ಯದಂಥ ಬಣ್ಣ, ನಾಲಿಗೆಗೆ ಹಿತವಾದ ಹುಳಿ. ಹೊರಗೆ ಮಳೆಯಾದರೂ ಲೋಟದಲ್ಲಿರುವುದು ಬೇಸಿಗೆಯ ಫಸಲು.

ಮಲೆನಾಡಿನವರು ಮುರುಗಲು ಎನ್ನುವ ಈ ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುತ್ತದೆ. ಹಣ್ಣನ್ನು ತೊಳೆದು, ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯುತ್ತಾರೆ. ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಪದರ ಪದರವಾಗಿ ಜೋಡಿಸುತ್ತಾರೆ. ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆ ಬೇಕು. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಟ್ಟರೆ ಸಕ್ಕರೆ ರಸವನ್ನು ಹೊರಗೆಳೆಯುತ್ತದೆ. ಒಲೆ ಹಚ್ಚುವ ಕೆಲಸವೇ ಇಲ್ಲ.

ಈ ರಸ ಕೆಡದಿರುವುದಕ್ಕೆ ಕಾರಣವೂ ಸಕ್ಕರೆಯೇ. ಪಾಕದಲ್ಲಿ ಸಕ್ಕರೆ ಶೇಕಡ 65ರ ಆಸುಪಾಸಿನಲ್ಲಿದ್ದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ದಕ್ಕುವುದಿಲ್ಲ. ಹಣ್ಣಿನ ಹುಳಿಯೂ ಅವನ್ನು ತಡೆಯುತ್ತದೆ. ಆದರೆ ಒದ್ದೆ ಸೌಟು ತಾಗಿದರೆ, ತೇವವಿರುವ ಬಾಟಲಿಗೆ ತುಂಬಿದರೆ ಮೇಲ್ಪದರ ತೆಳುವಾಗಿ ಬೂಷ್ಟು ಬರುತ್ತದೆ. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಪಿಂಗಾಣಿ ಭರಣಿ ಅಥವಾ ಗಾಜಿನ ಬಾಟಲಿಯೇ ಸರಿ.

ಇದೇ ಮನೆಗಳಲ್ಲಿ ಕೂಡಿಡದ ರಸವೊಂದಿದೆ. ಅದು ಆಟಿ ಅಮಾವಾಸ್ಯೆಯ ಪಾಲೆ ಕಷಾಯ. ಸೂರ್ಯ ಹುಟ್ಟುವ ಮೊದಲೇ ಗುಡ್ಡಕ್ಕೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಪಾಲೆ ಮರದ ತೊಗಟೆ ತರುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ, ಓಮದೊಂದಿಗೆ ಅರೆದು ಸೋಸುತ್ತಾರೆ. ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ರಸಕ್ಕೆ ಹಾಕಿದಾಗ ‘ಚುಂಯ್’ ಎಂದು ಹಬೆ ಏಳುತ್ತದೆ. ದೊಡ್ಡವರಿಗೆ ಸಣ್ಣ ಲೋಟ, ಮಕ್ಕಳಿಗೆ ಒಂದು ಚಮಚ. ಕಹಿಗೆ ಮುಖ ಕಿವುಚಿದವರನ್ನು ಆಮೇಲೆ ಮೆಂತ್ಯೆ ಗಂಜಿ ಸಮಾಧಾನಪಡಿಸುತ್ತದೆ. ಇಲ್ಲಿ ಸಕ್ಕರೆಯಿಲ್ಲ, ಹುಳಿಯಿಲ್ಲ. ಹಾಗಾಗಿ ಉಳಿದದ್ದನ್ನು ಚೆಲ್ಲಬೇಕೇ ಹೊರತು ಬಾಟಲಿಗೆ ತುಂಬಬಾರದು.

ಆದರೆ ಕೆಡುವುದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಪಾಲೆ ಬೆಳೆಯುವ ಗುಡ್ಡಗಳಲ್ಲೇ ಕಾಸರಕವೂ ಬೆಳೆಯುತ್ತದೆ. ಅದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಸ್ಟ್ರಿಕ್ನಿನ್ ದೇಹ ಸೇರಿದರೆ ಸ್ನಾಯುಗಳು ಸೆಟೆದು ಉಸಿರೇ ಕಟ್ಟುತ್ತದೆ. ಕಾದ ಕಲ್ಲು ಆ ವಿಷವನ್ನು ನಾಶಮಾಡಲಾರದು. ಅದೂ ಕಹಿ, ಇದೂ ಕಹಿ. ನಸುಕಿನ ಕತ್ತಲಲ್ಲಿ ಕಿತ್ತ ತೊಗಟೆ ತಪ್ಪು ಮರದ್ದೆಂದು ನಾಲಿಗೆ ಹೇಳಲಾರದು. ಹೀಗೆ ಎಡವಟ್ಟಾಗಿ ಆಸ್ಪತ್ರೆ ಸೇರಿದವರ, ಪ್ರಾಣವನ್ನೇ ಕಳೆದುಕೊಂಡವರ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಬಂದಿದೆ.

ಹಗಲಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ. ಹೆಚ್ಚಾಗಿ ಏಳು ಎಲೆಗಳಿರುವುದರಿಂದಲೇ ಇದು ಸಪ್ತಪರ್ಣಿ. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ, ಹಾಲು ಬರುವುದಿಲ್ಲ. ಎರಡೂ ಗುರುತು ಹೊಂದಬೇಕು. ಅನುಮಾನವಿದ್ದರೆ ಕುಡಿಯದಿರುವುದೇ ಲೇಸು. ಹಿಂದಿನ ದಿನವೇ ಮರವನ್ನು ನೋಡಿ ಗುರುತು ಮಾಡಿ ಬರುವ ಹಳಬರ ಕ್ರಮ ಬರಿಯ ಶಾಸ್ತ್ರವಲ್ಲ.

ಪಾಲೆಯ ಹಲಗೆಯಿಂದ ಹಿಂದೆ ಶಾಲೆಯ ಬರೆಯುವ ಹಲಗೆಗಳನ್ನು ಮಾಡುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಅದರ ಹೆಸರಿಗೆ ‘ಸ್ಕೋಲಾರಿಸ್’ ಎಂಬ ಪದ ಸೇರಿದ್ದು ಹಾಗೆ. ಇಂದಿನ ಮಕ್ಕಳು ಆ ಮರದಿಂದ ಕಲಿಯಬೇಕಾದ ಪಾಠ ಇನ್ನೂ ಉಳಿದಿದೆ.

ಪುನರ್ಪುಳಿಯ ಬಾಟಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಮಕ್ಕಳ ಮನೆ ಸೇರುತ್ತದೆ. ಪಾಲೆಯ ಕಷಾಯ ಹಾಗೆ ಹೋಗಲಾರದು. ಅದು ಬೇಕೆಂದವರು ಊರಿಗೇ ಬರಬೇಕು, ಒಂದು ದಿನ ಮೊದಲೇ ಬರಬೇಕು, ಮರ ಬಲ್ಲ ಅಜ್ಜನ ಜೊತೆ ಬೆಳಕಿರುವಾಗಲೇ ಗುಡ್ಡ ಹತ್ತಬೇಕು.