ಮಾರಲು ಬಂದವನು ನಿಂತ ನೆಲ

ಹಿರಿಯರು ಬಿಟ್ಟುಹೋದ ಹೊಲಮನೆಗಳ ಎದುರು ನಿಂತಾಗ ಮನುಷ್ಯನ ನಿಜವಾದ ಗುಣ ಹೊರಬೀಳುತ್ತದೆ. ಸಭೆ ಸಮಾರಂಭಗಳಲ್ಲಿ ದಾಸೋಹದ ಹಿರಿಮೆಯನ್ನು ಸಾರುವ ನಾಲಗೆ ಉಪನೋಂದಣಿ ಕಚೇರಿಯ ಮೆಟ್ಟಿಲೇರಿದೊಡನೆ ಬೇರೆಯೇ ಮಾತನ್ನಾಡತೊಡಗುತ್ತದೆ. ಈ ಸತ್ಯವನ್ನು ನನಗೆ ಮನಗಾಣಿಸಿದ್ದು ಒಂದು ಪ್ರವಚನವಲ್ಲ, ಒಂದು ಪುರಾಣವಲ್ಲ. ನಗೆಯಿಂದ ಕೂಡಿದ ಒಂದು ಇಂಗ್ಲಿಷ್ ಪ್ರೇಮಕಥೆಯ ಚಲನಚಿತ್ರ ಮತ್ತು ಆ ಕಥೆ ನಡೆಯುವ ಫ್ರಾನ್ಸ್ ದೇಶದ ಹಳ್ಳಿಗಾಡು ಎಂದರೆ ಓದುಗ ಬಂಧುಗಳು ಅಚ್ಚರಿಪಡಬಹುದು.

ನಮ್ಮ ಮಗಳು ಲಿಯೋಂ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ನಾವು ದಂಪತಿಗಳು ಅವಳಲ್ಲಿಗೆ ಹೋದಾಗ ಜೂನ್ ತಿಂಗಳ ಕೊನೆಯ ವಾರ. ದಕ್ಷಿಣದ ಪ್ರೊವಾನ್ಸ್ ಪ್ರಾಂತವನ್ನು ತೋರಿಸುವೆನೆಂದು ಹೇಳಿ, ಹೊರಡುವ ಹಿಂದಿನ ರಾತ್ರಿ ‘ಎ ಗುಡ್ ಇಯರ್’ ಎಂಬ ಚಿತ್ರವನ್ನು ನಮ್ಮ ಮುಂದಿಟ್ಟಳು. ಪೀಟರ್ ಮೇಲ್ ಎಂಬ ಇಂಗ್ಲಿಷ್ ಲೇಖಕರು 2004ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ರಿಡ್ಲಿ ಸ್ಕಾಟ್ ಅವರು ನಿರ್ದೇಶಿಸಿದ ಈ ಚಿತ್ರ 2006ರಲ್ಲಿ ತೆರೆಕಂಡಿತು. ರಸೆಲ್ ಕ್ರೋ ನಾಯಕ. ಮಾರಿಯೋಂ ಕೋತಿಯಾರ್ ನಾಯಕಿ.

ಕಥೆ ಸರಳವಾದುದು. ಲಂಡನ್ನಿನ ಹಣದ ಪೇಟೆಯಲ್ಲಿ ಕರುಣೆಯಿಲ್ಲದ ವ್ಯವಹಾರಸ್ಥನೆನಿಸಿಕೊಂಡ ಮ್ಯಾಕ್ಸ್‌ಗೆ, ಬಾಲ್ಯದ ಬೇಸಿಗೆಗಳನ್ನು ಕಳೆದಿದ್ದ ಚಿಕ್ಕಪ್ಪನ ದ್ರಾಕ್ಷಿತೋಟ ಮತ್ತು ಹಳೆಯ ಮಹಲು ಉತ್ತರಾಧಿಕಾರವಾಗಿ ಬರುತ್ತವೆ. ಆದಷ್ಟು ಬೇಗ ಮಾರಿ ಹಣ ಮಾಡಿಕೊಂಡು ಹಿಂದಿರುಗುವುದೊಂದೇ ಅವನ ಉದ್ದೇಶ. ಅವಸರದಲ್ಲಿ ಕಾರನ್ನೋಡಿಸುತ್ತ, ಸೈಕಲ್ಲಿನಲ್ಲಿ ಹೊರಟ ಹೆಂಗಸೊಬ್ಬಳನ್ನು ದಾರಿಯಿಂದ ಹೊರಕ್ಕೆ ಬೀಳಿಸಿದ್ದು ಕೂಡ ಅವನ ಅರಿವಿಗೆ ಬರುವುದಿಲ್ಲ. ಮಹಲಿನ ಚಿತ್ರ ತೆಗೆಯುವ ಭರದಲ್ಲಿ ನೀರಿಲ್ಲದ ಈಜುಕೊಳದೊಳಕ್ಕೆ ಬಿದ್ದು ಮೇಲೇರಲಾಗದೆ ಒದ್ದಾಡುತ್ತಿರುವಾಗ ಆಕೆಯೇ ಬಂದು ನಲ್ಲಿ ತಿರುಗಿಸಿ ನೀರು ಬಿಡುತ್ತಾಳೆ! ಅಷ್ಟರಲ್ಲಿ ಚಿಕ್ಕಪ್ಪನಿಗೆ ಮದುವೆಯ ಹೊರಗೆ ಹುಟ್ಟಿದವಳೆಂದು ಹೇಳಿಕೊಂಡು ಅಮೆರಿಕದಿಂದ ಒಬ್ಬ ತರುಣಿ ಬರುತ್ತಾಳೆ. ದಶಕಗಳಿಂದ ಆ ಬಳ್ಳಿಗಳನ್ನು ಮಕ್ಕಳಂತೆ ಸಾಕಿದ ತೋಟಗಾರ ದ್ಯುಫ್ಲೋ ಅಂಗಳದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಾನೆ. ಈ ನೆಲ ಯಾರದು? ಕಾಗದದಲ್ಲಿ ಹೆಸರಿರುವವನದೇ, ರಕ್ತಸಂಬಂಧವಿದ್ದೂ ಹೆಸರಿಲ್ಲದವಳದೇ, ಬೆವರು ಸುರಿಸಿದವನದೇ? ಪ್ರೇಮದ ನಗೆಯಾಟದ ಅಡಿಯಲ್ಲಿ ಹರಿಯುವ ಪ್ರಶ್ನೆ ಇದು.

ಲಿಯೋಂದಿಂದ ಆವಿನ್ಯೋಂ ನಗರಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಅಲ್ಲಿಂದ ಮಗಳು ಬಾಡಿಗೆಯ ಕಾರಿನಲ್ಲಿ ಪೂರ್ವಕ್ಕೆ ಹೊರಟಳು. ವೋಕ್ಲ್ಯೂಜ್ ಜಿಲ್ಲೆಯಲ್ಲಿ ಪೂರ್ವಪಶ್ಚಿಮವಾಗಿ ಮಲಗಿರುವ ಲ್ಯುಬೆರೋಂ ಬೆಟ್ಟಸಾಲಿನ ಅತ್ಯುನ್ನತ ಶಿಖರ 1125 ಮೀಟರ್. 1977ರಿಂದ ಈ ಸೀಮೆ ಸಂರಕ್ಷಿತ ಪ್ರಾದೇಶಿಕ ಉದ್ಯಾನವೆನಿಸಿದೆ. ಸುಣ್ಣಕಲ್ಲಿನ ಮನೆಗಳನ್ನು ಮೆಟ್ಟಿಲಂತೆ ಹೊತ್ತುನಿಂತ ಗೊರ್ದ್, ಕಾವಿಮಣ್ಣಿನ ಬಣ್ಣವನ್ನೇ ಗೋಡೆಗಳಿಗೂ ಬಳಿದುಕೊಂಡ ರೂಸಿಯೋಂ, ಕಣಿವೆಯತ್ತ ಮುಖಮಾಡಿದ ಬೊನ್ಯೂ ಇವೆಲ್ಲ ಬೆಟ್ಟದ ನೆತ್ತಿಯ ಊರುಗಳು. ಕೆಳಗೆ ದ್ರಾಕ್ಷಿ, ಚೆರಿ, ಆಲಿವ್ ತೋಟಗಳು. ಚಳಿಗಾಲದಲ್ಲಿ ಬಡಿಯುವ ಮಿಸ್ತ್ರಾಲ್ ಎಂಬ ಬಿರುಗಾಳಿಗೆ ಹೆದರಿ ಹಳೆಯ ತೋಟದಮನೆಗಳು ಉತ್ತರಕ್ಕೆ ಬೆನ್ನು ಮಾಡಿ ನಿಂತಿವೆ. ನಮ್ಮ ವಿಜಯಪುರದ ಸೀಮೆಯಲ್ಲಿ ದ್ರಾಕ್ಷಿಬಳ್ಳಿ ಚಪ್ಪರವೇರಿದರೆ ಇಲ್ಲಿ ಸೊಂಟದೆತ್ತರದ ಗಿಡಗಳ ಸಾಲು. ಅದರ ಹಣ್ಣು ಬಹುಪಾಲು ಮದ್ಯವಾಗುವುದು ನಮ್ಮ ಮನೆತನಗಳಿಗೆ ಒಗ್ಗದ ಸಂಗತಿ. ಆದರೆ ಬಳ್ಳಿಯ ಬುಡದಲ್ಲಿ ಬಾಗಿ ಕಳೆ ತೆಗೆಯುವ ಮುದುಕನ ಬೆನ್ನು ಮಾತ್ರ ನಮ್ಮೂರಿನದೇ.

ಚಿತ್ರದ ಮಹಲು ಬೊನ್ಯೂವಿನ ಬಳಿಯ ಶಾತೋ ಲಾ ಕನೋರ್ಗ್. ರಸ್ತೆಯಂಚಿನಲ್ಲಿ ನಿಂತು ಮರಗಳ ನಡುವೆ ಅದನ್ನು ಕಂಡೆವು. ನಾಯಕಿಯ ಉಪಾಹಾರಗೃಹದ ದೃಶ್ಯಗಳು ಗೊರ್ದ್ ಊರಿನ ಚೌಕದಲ್ಲಿ ಚಿತ್ರೀಕರಣಗೊಂಡವು. ಬೊನ್ಯೂವಿನ ಕೆಳಗೆ ಕಲಾವೋಂ ಹೊಳೆಯ ಮೇಲೆ ರೋಮನ್ನರು ಕಟ್ಟಿದ ಮೂರು ಕಮಾನುಗಳ ಸೇತುವೆಯೊಂದಿದೆ. ಸುಮಾರು ಎರಡು ಸಾವಿರ ವರ್ಷ ಗಾಡಿಗಳನ್ನೂ ಆಮೇಲೆ ಮೋಟಾರುಗಳನ್ನೂ ಹೊತ್ತ ಆ ಸೇತುವೆಗೆ 2005ರಲ್ಲಿ, ಅಂದರೆ ಈ ಚಿತ್ರದ ಚಿತ್ರೀಕರಣ ನಡೆದ ವರ್ಷದಲ್ಲಿ, ಪಕ್ಕದಲ್ಲಿ ಹೊಸ ಸೇತುವೆಯಾಗಿ ವಿಶ್ರಾಂತಿ ದೊರೆಯಿತು. ಈಗ ಕಾಲ್ನಡಿಗೆಯವರೂ ಸೈಕಲ್ಲಿನವರೂ ಮಾತ್ರ ದಾಟುತ್ತಾರೆ.

ಕಾದಂಬರಿಕಾರ ಮೇಲ್ ಅವರದೂ ಒಂದು ಹೊಸ ಆರಂಭದ ಕಥೆ. ಜಾಹೀರಾತಿನ ವೃತ್ತಿಯನ್ನು ತೊರೆದು ಇಲ್ಲಿನ ಮೆನೆರ್ಬ್ ಹಳ್ಳಿಯಲ್ಲಿ ಹಳೆಯ ತೋಟದಮನೆಯೊಂದನ್ನು ಕೊಂಡು, ಆ ಅನುಭವವನ್ನು 1989ರಲ್ಲಿ ಪುಸ್ತಕವಾಗಿ ಬರೆದರು. ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಓದುಗರು ದೇಶವಿದೇಶಗಳಿಂದ ಅವರ ಬಾಗಿಲಿಗೇ ಬರತೊಡಗಿ, ಅವರು ಕೆಲಕಾಲ ಅಮೆರಿಕಕ್ಕೆ ಹೋಗಿ ನೆಲೆಸಬೇಕಾಯಿತು. ಮತ್ತೆ ಇದೇ ಸೀಮೆಗೆ ಮರಳಿದ ಅವರು 2018ರಲ್ಲಿ ತೀರಿಕೊಂಡರು. ಸುಂದರವಾದ ನೆಲವನ್ನು ಹೊಗಳುವುದೂ ಅದಕ್ಕೆ ಒಂದು ಭಾರವೇ ಎಂಬುದು ಇದರಿಂದ ತಿಳಿಯುತ್ತದೆ.

ಸಸ್ಯಾಹಾರಿಗಳು ಅಂಜಬೇಕಾದುದಿಲ್ಲ. ಬೆಳಿಗ್ಗೆ ಬಾಡಿಗೆಯ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ ಹೊರಟರೆ, ಬಿಸಿ ರೊಟ್ಟಿ, ಆಲಿವ್ ಎಣ್ಣೆ, ಟೊಮೆಟೊ, ಕವಯೋಂ ಊರಿನ ಹೆಸರಾಂತ ಕರಬೂಜ, ಚೆರಿಹಣ್ಣು ಇಷ್ಟರಲ್ಲಿ ಊಟ ಸೊಗಸಾಗಿ ನಡೆಯುತ್ತದೆ. ಶನಿವಾರ ಆಪ್ತ್ ಪಟ್ಟಣದಲ್ಲಿ ದೊಡ್ಡ ಸಂತೆ. ಅಲ್ಲಿನ ಸಕ್ಕರೆಪಾಕದ ಹಣ್ಣುಗಳು ಪ್ರಸಿದ್ಧವಾದುವು. ನಮ್ಮ ಮನೆಯವರು ಊರಿಗೆ ಒಂದು ಡಬ್ಬಿ ಕಟ್ಟಿಸಿಕೊಂಡರು.

ಗೊರ್ದ್‌ನಿಂದ ಕಿರಿದಾದ ಕಣಿವೆಗೆ ಇಳಿದರೆ ಸೆನಾಂಕ್ ಎಂಬ ಕ್ರೈಸ್ತ ಮಠ. ಅದು ಸ್ಥಾಪಿತವಾದುದು 1148ರಲ್ಲಿ. ಇಸವಿಯನ್ನು ಓದಿದೊಡನೆ ನನ್ನ ಮನಸ್ಸು ಕಲ್ಯಾಣಕ್ಕೆ ಹೋಯಿತು. ಬಸವಣ್ಣನವರ ಶತಮಾನವೇ ಅದು. ಇಲ್ಲಿನ ಸಿಸ್ಟರ್ಸಿಯನ್ ಸಂನ್ಯಾಸಿಗಳ ನಿಯಮ ಪ್ರಾರ್ಥನೆಯೊಂದಿಗೆ ಕೈದುಡಿಮೆ. ದೇವಾಲಯದೊಳಗೆ ಬಣ್ಣವಿಲ್ಲ, ಅಲಂಕಾರದ ವಿಗ್ರಹಗಳಿಲ್ಲ. ಬರಿಯ ಕಲ್ಲು ಮತ್ತು ಬೆಳಕು. ಹೊರಗೆ ಸಾಲುಸಾಲು ಲ್ಯಾವೆಂಡರ್ ನೇರಳೆಯಾಗಿ ಅರಳಿ, ಜೇನ್ನೊಣಗಳ ಮೊರೆತ ದೂರಕ್ಕೂ ಕೇಳುತ್ತಿತ್ತು. ಆ ಹೂವನ್ನೂ ಜೇನನ್ನೂ ಬೆಳೆದು ಮಾರಿ ಮಠ ತನ್ನ ಜೀವನಕ್ಕೆ ನೆರವಾಗಿಸಿಕೊಳ್ಳುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಾರಾಟವಾಗಿಹೋದ ಈ ಮಠಕ್ಕೆ 1854ರಲ್ಲಿ ಸಂನ್ಯಾಸಿಗಳು ಮರಳಿದರು. ಮತ್ತೆ ಬರಿದಾಗಿ, 1988ರಲ್ಲಿ ಪುನಃ ತುಂಬಿಕೊಂಡಿತು. ಅವರ ದೇವರು, ಅವರ ಆಚಾರ ಬೇರೆ. ಸಂಸಾರ ತೊರೆಯುವ ಅವರ ಮಾರ್ಗವೂ ನಮ್ಮ ಶರಣರ ಮಾರ್ಗವಲ್ಲ. ಆದರೂ ದುಡಿಯದೆ ಉಣ್ಣಬಾರದೆಂಬ ಅರಿವು ಎರಡೂ ನೆಲಗಳಲ್ಲಿ ಒಂದೇ ಕಾಲಕ್ಕೆ ಬೆಳಗಿದುದನ್ನು ನೆನೆದು ಕೈಗಳು ತಾವಾಗಿ ಜೋಡಿಸಿಕೊಂಡವು.

ಬೆಟ್ಟದ ದಕ್ಷಿಣದ ಮಗ್ಗುಲಿಗೆ ಬಂದಾಗ ಕಥೆಗೆ ಬೇರೊಂದು ಬಣ್ಣ ಬಂತು. 12ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಮಗಳಿರುವ ಲಿಯೋಂ ನಗರದಲ್ಲಿಯೇ ವಾಲ್ಡೊ ಎಂಬ ಶ್ರೀಮಂತ ವರ್ತಕನು ಸಂಪತ್ತನ್ನೆಲ್ಲ ಹಂಚಿ, ಧರ್ಮಗ್ರಂಥವನ್ನು ಜನರ ಆಡುನುಡಿಗೆ ತರಿಸಿ, ಬೀದಿಯಲ್ಲಿ ನಿಂತು ಉಪದೇಶಿಸಿದನು. ಚರ್ಚು ಅವನ ಅನುಯಾಯಿಗಳನ್ನು ಬಹಿಷ್ಕರಿಸಿತು. ವೊದ್ವಾ ಎಂದು ಕರೆಸಿಕೊಂಡ ಅವರು ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ತಲೆತಲಾಂತರ ಬಾಳಿದರು. ಇತ್ತ ಪ್ಲೇಗು ಮತ್ತು ಯುದ್ಧಗಳಿಂದ ಲ್ಯುಬೆರೋಂ ಹಳ್ಳಿಗಳು ಪಾಳುಬಿದ್ದಿದ್ದವು. 15ನೆಯ ಶತಮಾನದ ಉತ್ತರಾರ್ಧದಿಂದ ಇಲ್ಲಿನ ಒಡೆಯರು ಆ ಬಡ ಒಕ್ಕಲುಗಳನ್ನು ಕರೆತಂದು ನೆಲೆಗೊಳಿಸಿದರು. ಮುಳ್ಳು ಕಡಿದು, ಕಲ್ಲು ಆರಿಸಿ, ಇಂದು ನಾವು ನೋಡಿ ಮೆಚ್ಚುವ ಎಷ್ಟೋ ಹೊಲಗಳನ್ನು ಮತ್ತೆ ಹೊಲಗಳನ್ನಾಗಿಸಿದವರು ಅವರು.

1545ರ ಏಪ್ರಿಲ್‌ನಲ್ಲಿ ಧರ್ಮದ್ರೋಹದ ಹೆಸರಿನಲ್ಲಿ ಸೈನ್ಯ ಅವರ ಮೇಲೆ ಬಿದ್ದಿತು. ಅದರ ಹಿಂದಿನ ವರ್ಷ ಅವರ ಕಡೆಯವರೂ ಸೆನಾಂಕ್ ಮಠವನ್ನು ಸುಟ್ಟಿದ್ದರೆಂಬುದನ್ನು ಮರೆಮಾಚಬಾರದು. ಆದರೆ ಈಗ ನಡೆದದ್ದು ಹೆಂಗಸರು ಮಕ್ಕಳೆನ್ನದ ಸಂಹಾರ. ಮೆರಾಂದೋಲ್ ಊರು ನೆಲಸಮವಾಯಿತು. ಸುತ್ತಲಿನ ಅನೇಕ ಹಳ್ಳಿಗಳು ಉರಿದವು. ಬೆಟ್ಟದ ಮೇಲೆ ಮುರಿದ ಕೋಟೆಯ ಗೋಡೆಯೂ ಒಂದು ಸ್ಮಾರಕ ಫಲಕವೂ ಇವೆ. ಅಲ್ಲಿ ನಿಂತಾಗ ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ಕಾಡಿನತ್ತ ವಚನದ ಕಟ್ಟುಗಳನ್ನು ಹೊತ್ತು ನಡೆದ ಶರಣರು ಕಣ್ಣಮುಂದೆ ಬಂದರು. ಬದುಕುಳಿದ ವೊದ್ವಾ ಕುಟುಂಬಗಳಲ್ಲಿ ಹಲವರು ಕಾಲಾನಂತರ ಹಿಂದಿರುಗಿ ಅದೇ ಬೂದಿಯ ಮೇಲೆ ಮತ್ತೆ ಮನೆ ಕಟ್ಟಿದರು. ಹೊಸ ಬದುಕಿನ ಆರಂಭವೆಂದರೆ ಚಲನಚಿತ್ರದ ಬಿಸಿಲು, ಈಜುಕೊಳಗಳಷ್ಟೇ ಅಲ್ಲವೆಂಬುದನ್ನು ಆ ಗೋಡೆ ಹೇಳುತ್ತದೆ. ಇವರೇ ಹಿಂದೆ ನೆಲೆಗೊಳಿಸಿದ್ದ ಲೂರ್ಮಾರಾಂ ಹಳ್ಳಿಯಲ್ಲಿ, ನೊಬೆಲ್ ಪುರಸ್ಕಾರ ಪಡೆದ ಮರುವರ್ಷ 1958ರಲ್ಲಿ ಮನೆ ಕೊಂಡ ಸಾಹಿತಿ ಆಲ್ಬೇರ್ ಕಮೂ ಅವರ ಸಮಾಧಿಯಿದೆ. ಎರಡೇ ವರ್ಷದಲ್ಲಿ, 1960ರ ಜನವರಿಯಲ್ಲಿ, ಅವರು ಕಾರಿನ ಅಪಘಾತಕ್ಕೆ ತುತ್ತಾದರು. ಹೆಸರು ಕೆತ್ತಿದ ಒಂದು ಕಲ್ಲು, ಸುತ್ತ ಒಂದಿಷ್ಟು ಗಿಡ, ಅಷ್ಟೆ.

ಸಂಜೆ ಕ್ಯುಕ್ಯುರೋಂ ಊರಿನ ಕೆರೆಯಂಥ ಕಲ್ಲಿನ ಹೊಂಡದ ದಂಡೆಗೆ ಬಂದೆವು. ಸುತ್ತ ಮುಗಿಲೆತ್ತರದ ಪ್ಲೇನ್ ಮರಗಳು; ಚಿತ್ರದ ನಾಯಕ ನಾಯಕಿಯರು ರಾತ್ರಿ ಊಟಕ್ಕೆ ಕೂಡುವ ಸ್ಥಳ. ನೀರಿನಲ್ಲಿ ಮರಗಳ ನೆರಳು ಅಲುಗುತ್ತಿತ್ತು. ಚಿತ್ರದ ಕೊನೆಯ ಬಗ್ಗೆ ಮಾತು ಬಂತು. ಬಾಲ್ಯದಲ್ಲಿ ಚಿಕ್ಕಪ್ಪನ ಸಹಿ ಹಾಕಲು ಕಲಿತಿದ್ದ ಮ್ಯಾಕ್ಸ್, ಆ ತರುಣಿ ಮಗಳೇ ಹೌದೆಂಬ ಪತ್ರವನ್ನು ಚಿಕ್ಕಪ್ಪನ ಅಕ್ಷರದಲ್ಲಿ ತಾನೇ ಸೃಷ್ಟಿಸಿ ಮಾರಾಟವನ್ನು ರದ್ದುಗೊಳಿಸುತ್ತಾನೆ. ತೋಟ ಅವಳ ಮತ್ತು ತೋಟಗಾರನ ಕೈಯಲ್ಲಿ ಉಳಿಯುತ್ತದೆ. ತಾನು ಲಂಡನ್ನಿನ ಮನೆಯನ್ನು ಮಾರಲು ಇಟ್ಟು ಬರಿಗೈಯಲ್ಲಿ ಪ್ರೀತಿಯ ಬಾಗಿಲು ತಟ್ಟುತ್ತಾನೆ.

“ಎಷ್ಟು ಒಳ್ಳೆಯ ಕಾರಣವಿದ್ದರೂ ಸುಳ್ಳು ಕಾಗದ ಸುಳ್ಳು ಕಾಗದವೇ” ಎಂದು ನಾನು ಹೇಳಿದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, “ಅಪ್ಪಾ, ಅಂವಾ ಹೆಣ್ಣಮಗಳಿಗೆ ಪಾಲು ಸಿಗಲಿ ಅಂತ ಸುಳ್ಳು ಸಹಿ ಮಾಡಿದಾ. ನಾವು ಅತ್ತಿಗೆ ಪಾಲು ಸಿಗಬಾರದು ಅಂತ ಖರೇ ಸಹಿ ಮಾಡಿಸಿಕೊಂಡಿವಿ. ಯಾವುದು ಹೆಚ್ಚಿನ ತಪ್ಪು?” ಎಂದು ಕೇಳಿದಳು.

ನಮ್ಮ ತಂದೆಯವರು ಲಿಂಗೈಕ್ಯರಾದ ವರ್ಷ ಎಂಟು ಎಕರೆ ಎರೆಹೊಲದ ಹಕ್ಕುಬಿಡುಗಡೆ ಪತ್ರಕ್ಕೆ ನನ್ನ ತಂಗಿಯ ಸಹಿ ಪಡೆದಿದ್ದೆ. ಸೀರೆ, ಕುಪ್ಪಸ, ಹೋಳಿಗೆಯ ಊಟ ಎಲ್ಲವನ್ನೂ ಮಾಡಿದ್ದೆ. ನಿನಗೆ ಹೊಲ ಬೇಕೇ ಎಂದು ಮಾತ್ರ ಕೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ನಮ್ಮ ರಾಜ್ಯದ ಕಾನೂನು 1994ರಲ್ಲಿ, ಕೇಂದ್ರದ ಕಾನೂನು 2005ರಲ್ಲಿ ಒಪ್ಪಿದವು. ಹೆಣ್ಣು ಗಂಡೆಂಬ ಭೇದವನ್ನು ಶರಣರು ಅಳಿಸಿ ಎಂಟು ಶತಮಾನಗಳಾದವು. ಕಾನೂನೂ ಧರ್ಮವೂ ಬಾಗಿಲಲ್ಲಿ ನಿಂತಿದ್ದರೂ ನಮ್ಮ ಮನೆಯೊಳಕ್ಕೆ ನಾವೇ ಬಿಟ್ಟುಕೊಂಡಿರಲಿಲ್ಲ. ಪ್ರವಾಸ ಮುಗಿಸಿ ಬಂದೊಡನೆ ಆ ಹೊಲವನ್ನು ಮಾರುವ ಮಾತುಕತೆಯೂ ನಡೆಯುವುದಿತ್ತು. ಮಧ್ಯಸ್ಥನು ಗಿರಾಕಿಯನ್ನು ಗೊತ್ತುಮಾಡಿದ್ದನು. ಮೂರು ತಲೆಮಾರಿನಿಂದ ಆ ಹೊಲದಲ್ಲಿ ದುಡಿದುಕೊಂಡು ಬಂದ ಮನೆತನಕ್ಕೆ ಸುದ್ದಿಯನ್ನೇ ತಿಳಿಸಿರಲಿಲ್ಲ.

ಊರಿಗೆ ಬಂದು ಮಧ್ಯಸ್ಥನನ್ನು ಹಿಂದಕ್ಕೆ ಕಳುಹಿಸಿದೆ. ಹೊಲ ದುಡಿಯುವವರ ಮನೆಗೆ ಹೋಗಿ ಕುಳಿತು ಮಾತನಾಡಿದೆ. ಅನಂತರ ತಂಗಿಗೆ ಫೋನು ಮಾಡಿ, ನಾಲ್ಕು ಎಕರೆಯನ್ನು ಅವಳ ಹೆಸರಿಗೆ ನೋಂದಣಿ ಮಾಡಿಸುವೆನೆಂದು ತಿಳಿಸಿದೆ. ಅವಳು ಅಳಬಹುದು, ಬೇಡವೆನ್ನಬಹುದು ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

“ಯಾವತ್ತು ಬರಬೇಕು ಹೇಳು ಅಣ್ಣಾ. ಈ ಸಲ ಕಾಗದ ಓದಿ ಸಹಿ ಮಾಡತೇನಿ” ಎಂದಳು.

ಪ್ರೊವಾನ್ಸ್‌ಗೆ ಹೋಗುವ ಬಂಧುಗಳು ಲ್ಯಾವೆಂಡರ್ ಹೂವನ್ನು ನೋಡಿ ಬರಲಿ, ಸೆನಾಂಕ್ ಕಣಿವೆಯ ಮೌನವನ್ನು ಕೇಳಿ ಬರಲಿ, ಮೆರಾಂದೋಲ್ ಬೆಟ್ಟವನ್ನು ತಪ್ಪದೆ ಹತ್ತಲಿ. ಹೋಗಲಾಗದವರು ಆ ಚಿತ್ರವನ್ನಾದರೂ ಹೆಂಡಿರು ಮಕ್ಕಳೊಂದಿಗೆ ನೋಡಲಿ. ನೋಡಿದ ಬಳಿಕ ಮನೆಯ ಕಪಾಟಿನಲ್ಲಿರುವ ಹಳೆಯ ಕಾಗದಪತ್ರಗಳನ್ನು ಒಮ್ಮೆ ಹೊರತೆಗೆದು, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರು ಇಲ್ಲ ಎಂಬುದನ್ನು ಓದಿಕೊಳ್ಳಲಿ.