ಐತೆಯ ಊರು, ಅದೆಯ ಊರು

ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದಾಗಲೆಲ್ಲ ನಮ್ಮಪ್ಪ ಒಂದು ಆಟ ಆಡಿಸುತ್ತಿದ್ದರು. ಗೂಡು ಸುರಿದು ಕೂತಮೇಲೆ ಹರಾಜು ಶುರುವಾಗುವ ತನಕ ಬೇರೆ ಕೆಲಸ ಇರುತ್ತಿರಲಿಲ್ಲ. ಬೆನ್ನಹಿಂದೆ ಯಾರಾದರೂ ರೈತರು ಮಾತಾಡುತ್ತಿದ್ದರೆ, "ತಿರುಗಿ ನೋಡಬ್ಯಾಡ, ಸುಮ್ನೆ ಕೇಳು. ಯಾವ ತಾಲ್ಲೂಕು ಹೇಳು" ಅನ್ನುವರು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರ್ಕೆಟ್ಟು ಅದು. ಚನ್ನಪಟ್ಟಣ, ಕನಕಪುರ, ಮಾಗಡಿಯ ಗೂಡು ಬಂದೇ ಬರುತ್ತದೆ. ಆಂಧ್ರ, ತಮಿಳುನಾಡಿನದೂ ಬರುತ್ತದೆ. ಕಿವಿ ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗ ನಾನು ಇನ್ನೂ ನೋಡಿಲ್ಲ.

ಒಂದು ದಿನದ್ದು ಚೆನ್ನಾಗಿ ನೆನಪಿದೆ. "ಮೂರ್ನೇ ಜ್ವರ ಎದ್ದಮ್ಯಾಕೆ ಸೊಪ್ಪೇ ಸಾಲ್ದೆ ಓಯ್ತು ಕಣಣ್ಣ. ಈಗ ನೋಡು, ಗೂಡ್ನಾಗೆ ತೂಕ್ವೇ ಇಲ್ಲ." ಹುಳ ಪೊರೆ ಬಿಡುವಾಗ ಮೇವು ಬಿಟ್ಟು ತಲೆ ಎತ್ತಿಕೊಂಡು ಅಲುಗದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಮಾತು ನಾಲ್ಕೂ ತಾಲ್ಲೂಕಿನದು, ಅದರಿಂದ ಗುರುತು ಸಿಕ್ಕಲಿಲ್ಲ. ನಾನು ಕನಕಪುರ ಅಂದೆ. ಅಪ್ಪ ತಲೆಯಾಡಿಸಿದರು. "ಗೂಡ್ನಾಗೆ ಅಂದ ನೋಡು. ನಾವಾದ್ರೆ ಗೂಡಲ್ಲಿ ಅಂತೀವಿ. ಕುಣಿಗಲ್ ಗಾಳಿ ಬೀಸಿರೋ ಮಾಗಡಿಯೋನು." ಕೇಳಿದರೆ ಆತ ತಿಪ್ಪಸಂದ್ರದಿಂದಾಚೆಯ ಊರಿನವನೇ.

ಮಾಗಡಿಗೆ ಪಡುವಲಿಂದ ತುಮಕೂರು ಸೀಮೆ ತಗುಲಿಕೊಂಡಿದೆ. ಅಲ್ಲಿ "ಐತೆ", "ಮನ್ಯಾಗೆ". ಚನ್ನಪಟ್ಟಣ ದಾಟಿದರೆ ಮದ್ದೂರು. ನಮ್ಮ "ಅದೆ", "ಕಣಮ್ಮಿ" ಎಲ್ಲ ಮಂಡ್ಯದವರ ಜೊತೆ ಹಂಚಿಕೊಂಡ ಮಾತು. ಹಳೇ ಕನಕಪುರ ತಾಲ್ಲೂಕು ಒಂದಕ್ಕೇ ಎರಡು ಮೂರು ರಾಗ: ಸಾತನೂರಿನವರು ಮಳವಳ್ಳಿಯ ಹಾಗೆ, ಹಾರೋಹಳ್ಳಿಯವರು ಬೆಂಗಳೂರಿನ ಹಾಗೆ, ಕೋಡಿಹಳ್ಳಿ ಆಚೆ ಕಾಡಂಚಿನವರಂತೂ ತಮಿಳು ಕೇಳಿ ಬೆಳೆದ ಕಿವಿಯವರು, ಸಾಲಿನ ಕೊನೆಯನ್ನು ಎತ್ತಿ ಎಳೆಯುತ್ತಾರೆ. ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಮಾತು ಮಾತ್ರ ನೀರಿನ ಜೊತೆ ಹೋಗಲಿಲ್ಲ. ಸಂತೆ, ಸಂಬಂಧ, ಬಸ್ಸು ಎತ್ತ ಹೋದವೋ ಅತ್ತ ಹೋಯಿತು.

ರಾಮನಗರ ಪೇಟೆಯ ಮಾತೇ ಬೇರೆ. ನೂಲು ತೆಗೆಯುವ ರೀಲರುಗಳಲ್ಲಿ ಬಹಳ ಜನ ಸಾಬರು. ಅಪ್ಪನಿಂದ ವರ್ಷಗಟ್ಟಲೆ ಗೂಡು ಕೊಂಡವರೊಬ್ಬರು "ಏನ್ ಗೌಡ್ರೆ, ಈ ಸಲ ಎಷ್ಟ್ ಮೊಟ್ಟೆ ಮೇಯ್ಸಿದ್ರಿ?" ಎಂದು ಅಚ್ಚ ನಮ್ಮ ಮಾತಿನಲ್ಲಿ ಕೇಳಿ, ಮರುಗಳಿಗೆಗೆ ಮಗನ ಕಡೆ ತಿರುಗಿ ದಖ್ಖನಿಯಲ್ಲಿ "ನಕ್ಕೋ" ಅನ್ನುವರು. ಅವರೊಮ್ಮೆ ಹೇಳಿದ್ದು: "ಉತ್ತರದ ಕಡೆ ಓದ್ರೆ ನಾವೂ ಐದರಾಬಾದ್ನೋರೂ ಒಂದೇ ಅಂತಾರೆ ಗೌಡ್ರೆ. ನಮ್ಗೆ ಮಾತ್ರ ಗೊತ್ತು ಎಷ್ಟು ಬ್ಯಾರೆ ಅಂತ." ಅಪ್ಪ ಅವರ ಭುಜ ತಟ್ಟಿದ್ದರು.

ಬೆಂಗಳೂರಿಗೆ ಓದಲು ಬಂದಮೇಲೆ ನನಗೂ ಅದೇ ಆಯಿತು. ಬಾಯಿ ಬಿಟ್ಟರೆ "ನೀವು ಮಂಡ್ಯದವರಾ?" ಸಿನಿಮಾದವರು ಒರಟು ಮಾತಿಗೆಲ್ಲ ಮಂಡ್ಯದ ಹೆಸರಿಟ್ಟಿದ್ದಾರೆ. ರಾಮನಗರ ಜಿಲ್ಲೆ ಅಂದರೆ "ಓ, ಶೋಲೆ!" 1975ರಲ್ಲಿ ತೆರೆಗೆ ಬಂದ ಚಿತ್ರ, ರಾಮದೇವರ ಬೆಟ್ಟದ ಹೆಗಲೇರಿ ಇನ್ನೂ ಇಳಿದಿಲ್ಲ. ಆ ಬೆಟ್ಟದಲ್ಲಿ ರಣಹದ್ದುಗಳಿವೆ, ಅವಕ್ಕೊಂದು ಧಾಮವಿದೆ ಅಂದರೆ ಕೇಳಿಸಿಕೊಳ್ಳುವವರು ಕಡಿಮೆ.

ಇದಕ್ಕಿಂತ ನೋವಾದದ್ದು ಕಾಲೇಜಿನಲ್ಲಿ. ಮೇಷ್ಟರೊಬ್ಬರು ನನ್ನನ್ನು ಎದ್ದು ನಿಲ್ಲಿಸಿ "ಹಾಲು" ಅನ್ನಿಸಿದರು. "ಆಲು" ಬಂತು. ಮತ್ತೆ ಅನ್ನಿಸಿದರು. ತರಗತಿ ನಕ್ಕಿತು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗ ಇದೆ. ಹಳಗನ್ನಡದಲ್ಲಿ ಅದು "ಪಾಲ್". ಹುಲಿ "ಪುಲಿ", ಹೂವು "ಪೂ". ಆ ಪಕಾರ ಸಡಿಲವಾಗಿ ಹಕಾರವಾಯಿತು, ಎಲ್ಲರೂ ಒಪ್ಪಿ ಅದನ್ನೇ ಶುದ್ಧವೆಂದರು. ನಮ್ಮೂರಿನ ನಾಲಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನೂ ಬಿಟ್ಟುಕೊಟ್ಟಿತು. ಲಂಡನ್ನಿನ ಹಳೇ ಪೇಟೆಯ ದುಡಿಯುವ ಜನವೂ ಇಂಗ್ಲಿಷಿನ ಹಕಾರವನ್ನು ಹೀಗೇ ಬಿಟ್ಟವರು. ಅವರನ್ನೂ ಹೀಗೇ ಎದ್ದು ನಿಲ್ಲಿಸಿ ತಿದ್ದಿದರು. ಇದು ಭಾಷೆ ನಡೆಯುವ ದಾರಿ, ತಪ್ಪಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಬರೆಯುವಾಗ "ಹ" ಹಾಕಲು ಕಲಿಸುತ್ತೇನೆ, ಮಾತಾಡುವಾಗ ತಿದ್ದುವುದಿಲ್ಲ.

ಮನೆಯೊಳಗಿನ ಗೇಲಿಗೆ ಮಾತ್ರ ಯಾರೂ ನೊಂದುಕೊಂಡದ್ದಿಲ್ಲ. ನಮ್ಮವ್ವ ಮಾಗಡಿ ಕಡೆಯವಳು, ಅಪ್ಪ ಚನ್ನಪಟ್ಟಣದವರು, ಅಕ್ಕನನ್ನು ಕೊಟ್ಟಿದ್ದು ಕನಕಪುರಕ್ಕೆ. "ಕೆಂಪೇಗೌಡ್ರ ಊರೋರು, ಮಾತಿಗೂ ಕೋಟೆ ಕಟ್ತಾರೆ" ಎಂದು ಅಪ್ಪ ಕೆಣಕಿದರೆ, ಅವ್ವ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಲೇ, "ನೀವು ಬೊಂಬೆ ಊರೋರು, ಆಡೋ ಮಾತಿಗೆಲ್ಲ ಅರಗು ಬಳೀತೀರಿ" ಅನ್ನುವಳು. ಚನ್ನಪಟ್ಟಣದ ಬೊಂಬೆ ಕೆಲಸ ನೋಡಿದವರಿಗೇ ಈ ಮಾತಿನ ರುಚಿ ಗೊತ್ತು. ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ; ಮೇಲೆ ಗರಿ ಹಿಡಿದರೆ ಮುಖ ಕಾಣುವಷ್ಟು ಹೊಳಪು. ಅಪ್ಪನ ಮಾತು ಹಾಗೇ ಇತ್ತು, ಅವ್ವ ಸುಳ್ಳು ಹೇಳಲಿಲ್ಲ. ಭಾವ ಮಾತ್ರ ಬಂದ ದಿನದಿಂದಲೂ "ಬಂಡೆ". ಕನಕಪುರದವರಿಗೆ ಆ ಹೆಸರು ತಪ್ಪಿದ್ದಲ್ಲ. ಅವರು ಮುದ್ದೆ ಮುರಿದು ಇದುಕಿದ ಅವರೆಬೇಳೆ ಸಾರಿಗೆ ಅದ್ದುತ್ತ ನಗುತ್ತಿದ್ದರು.

ಅಕ್ಕನ ಮಗ ಈಗ ಆಕ್ಲೆಂಡಿನಲ್ಲಿದ್ದಾನೆ. ಅಲ್ಲಿಯವರನ್ನು ಆಸ್ಟ್ರೇಲಿಯಾದವರೆಂದು ಅಂದುಕೊಂಡರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರಂತೆ. "ಫಿಶ್ ಅನ್ನಿಸಿ ನೋಡಿ ಚಿಕ್ಕಮ್ಮ. ಇವ್ರು ಫಶ್ ಅಂತಾರೆ, ಅವ್ರು ಫೀಶ್ ಅಂತ ಎಳೀತಾರೆ" ಎಂದು ಫೋನಿನಲ್ಲಿ ವಿವರಿಸಿದ. ಅಮೆರಿಕದವರೆಂದು ಕರೆಸಿಕೊಂಡ ಕೆನಡಾದವರದೂ ಇದೇ ಕಥೆಯಂತೆ. ತಾತನ ಆಟ ಅವನಿಗೂ ಅಂಟಿದೆ ಎಂದು ನನಗೆ ಖುಷಿಯಾಯಿತು.

2007ರಲ್ಲಿ ನಾಲ್ಕೂ ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಬದಲಾದರೂ ಅವ್ವನ "ಐತೆ" ಬದಲಾಗುವುದಿಲ್ಲ ಎಂದುಕೊಂಡಿದ್ದೆ. ಚನ್ನಪಟ್ಟಣಕ್ಕೆ ಬಂದು ಐವತ್ತು ವರ್ಷವಾದರೂ, ಸುತ್ತ ಎಲ್ಲರೂ "ಅದೆ" ಅಂದರೂ, ಅವಳು ಬಿಟ್ಟುಕೊಟ್ಟವಳಲ್ಲ. ಅಪ್ಪ ಆಡಿದ್ದನ್ನು ಹೇಳುವಾಗ ಮಾತ್ರ ಅವರ ಹಾಗೇ "ಅದೆ" ಅನ್ನುತ್ತಿದ್ದಳು.

ಅಪ್ಪ ಹೋದ ಮೇಲಿನ ಮೊದಲ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಒಲೆ ಮುಂದೆ ಕಾಫಿಗೆ ನೀರಿಟ್ಟು ನಿಂತಿದ್ದೆ. ಹಿಂದಿನಿಂದ ದನಿ ಬಂತು:

"ಆಲು ಅದಾ, ಮಗ?"

ನಾನು ತಿರುಗಿ ನೋಡಲಿಲ್ಲ.