ತಾನಾಗಿ ಬಿಟ್ಟದ್ದಲ್ಲ

ಪ್ರೀತಿಯ ಗೆಳತಿ,

ಚಾಮರಾಜನಗರದಿಂದ ನೀವು ಬರೆದ ಪತ್ರ ಮೊನ್ನೆ ಕೈಸೇರಿತು. ನಿಮ್ಮ ತಮ್ಮನ ವಿಷಯ ಓದಿ ಮನಸ್ಸಿಗೆ ಸಮಾಧಾನವೇ ಇಲ್ಲ. ತಿರುಪ್ಪೂರಿಗೆ ಬಂದು ಆರು ವರ್ಷ ಓವರ್‌ಲಾಕ್ ಮೆಷಿನ್ ಮುಂದೆ ಕೂತ ಹುಡುಗ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿಗೆ ಶೇ. 50 ಸುಂಕ ಹಾಕಿತಲ್ಲ, ಆ ಹೊಡೆತಕ್ಕೆ ಆರ್ಡರ್ ನಿಂತು ಅವನು ಕೂರುತ್ತಿದ್ದ ಸಾಲನ್ನೇ ಮುಚ್ಚಿದರು. ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯಲ್ಲಿ, ನಿರುದ್ಯೋಗದ ಹಣಕ್ಕೆ ಅರ್ಜಿ ಹಾಕಿದರೆ, ‘ನೀನಾಗಿಯೇ ಕೆಲಸ ಬಿಟ್ಟಿದ್ದೀಯ’ ಅಂತ ತಳ್ಳಿಹಾಕಿದರು. ‘ಹೋಗಲಿ ಬಿಡಿ, ಹಣೆಬರಹ’ ಅಂತ ನೀವೂ ಬರೆದುಬಿಟ್ಟಿದ್ದೀರಿ.

ಬಿಡಬೇಡಿ. ಅದನ್ನು ಬರೆದದ್ದು ಬ್ರಹ್ಮನಲ್ಲ, ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತ ಒಬ್ಬ ಗುಮಾಸ್ತ. ಅಂಥ ಕುರ್ಚಿಯಲ್ಲಿ ನಾನೇ ಹನ್ನೊಂದು ವರ್ಷ ಕೂತಿದ್ದೆ.

ಬನಿಯನ್ ಕಂಪನಿಗಳಲ್ಲಿ ತಿಂಗಳು ತಿಂಗಳೂ ಇ.ಎಸ್.ಐ. ಲೆಕ್ಕ ಏರಿಸಬೇಕು. ಕೆಲಸಗಾರನ ಹತ್ತಂಕಿಯ ನಂಬರು, ಹೆಸರು, ದುಡಿದ ದಿನ, ಸಂಬಳ. ದಿನದ ಜಾಗದಲ್ಲಿ ಸೊನ್ನೆ ಬಂದರೆ ಪಕ್ಕದ ಖಾನೆಯಲ್ಲಿ ಕಾರಣದ ಅಂಕಿ ಹಾಕಬೇಕು. 1 ಅಂದರೆ ರಜೆ. 2 ಅಂದರೆ ‘ಲೆಫ್ಟ್ ಸರ್ವಿಸ್’, ಕೆಲಸ ಬಿಟ್ಟು ಹೋದ. 10 ಅಂದರೆ ‘ರಿಟ್ರೆಂಚ್‌ಮೆಂಟ್’, ಕಂಪನಿಯೇ ತೆಗೆಯಿತು. 11 ಅಂದರೆ ಕೆಲಸವಿಲ್ಲ. ನಾನು ಎಲ್ಲರಿಗೂ 2 ಒತ್ತುತ್ತಿದ್ದೆ. ನನಗೆ ಕಲಿಸಿಕೊಟ್ಟದ್ದೇ ಹಾಗೆ. ಯಾಕೆ ಅಂತ ನಿಧಾನಕ್ಕೆ ಗೊತ್ತಾಯಿತು. 10 ಹಾಕಿದರೆ, ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಇವೆಲ್ಲ ಯಜಮಾನರ ತಲೆಗೆ ಬರುತ್ತಿದ್ದವು. 2 ಹಾಕಿದರೆ ಇವು ಯಾವುದನ್ನೂ ಕೊಡಬೇಕಿರಲಿಲ್ಲ. ಅತ್ತ ಇ.ಎಸ್.ಐ. ಶಾಖೆಯವರು ಅದೇ ಅಂಕಿ ನೋಡಿ, ಈತ ತಾನಾಗಿ ಬಿಟ್ಟವನು, ಹಕ್ಕಿಲ್ಲ ಅನ್ನುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಚೆಕಿಂಗ್ ವಿಭಾಗದ ಅಕ್ಕ ಒಬ್ಬರು ಗೇಟಿಗೆ ಬಂದರು. ಸತ್ಯಮಂಗಲದ ಕಡೆಯವರು, ಮನೆಮಾತು ಕನ್ನಡ. ಲಾಕ್‌ಡೌನ್ ಸಡಿಲಿಸಿ ಕಂಪನಿ ತೆರೆದಾಗ ಅರ್ಧದಷ್ಟು ಜನರನ್ನು ವಾಪಸ್ಸು ಕರೆದಿರಲಿಲ್ಲ, ಅವರಲ್ಲಿ ಇವರೂ ಒಬ್ಬರು. ಊಟದ ಸ್ಟೀಲ್ ಡಬ್ಬಿ ತಂದಿದ್ದರು. ತೆಗೆದರೆ ಒಳಗೆ ಬಟವಾಡೆ ಕವರುಗಳು. ಶನಿವಾರ ಶನಿವಾರ ನಾವು ಸಂಬಳ ಹಾಕಿ ಕೊಡುತ್ತಿದ್ದ ಹಳದಿ ಕವರು ಗೊತ್ತಲ್ಲ, ಮೇಲೆ ಪೆನ್ಸಿಲಿನಲ್ಲಿ ಎಷ್ಟು ಶಿಫ್ಟು, ಎಷ್ಟು ಮುಂಗಡ ಅಂತ ಬರೆದಿರುತ್ತಿದ್ದೆವು. ಎರಡು ವರ್ಷದ್ದನ್ನೂ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದರು. ಕೊನೆಯ ಕವರಿನ ಮೇಲೆ ನನ್ನದೇ ಅಕ್ಷರ: ‘ಆರ್ಡರ್ ಇಲ್ಲೈ’. ಅದೇ ಹೆಂಗಸಿಗೆ ನಾನು ಕಂಪ್ಯೂಟರಿನಲ್ಲಿ 2 ಒತ್ತಿದ್ದೆ.

‘ನಾನ್ಯಾವಾಗ ಬಿಟ್ಟೆ ಕಣವ್ವ?’ ಅಂತ ಕೇಳಿದರು. ಬೈಯಲಿಲ್ಲ. ಅಷ್ಟೇ ಕೇಳಿದರು.

ಆ ಕವರು ಹಿಡಿದು ನಾನು ಯಜಮಾನರ ಕೋಣೆಗೆ ಹೋದೆ. ನಾಲ್ಕು ಸಲ ಹೋಗಬೇಕಾಯಿತು. ಕೊನೆಗೆ ಲೆಟರ್‌ಹೆಡ್ಡಿನ ಮೇಲೆ, ‘ಆರ್ಡರ್ ಇಲ್ಲದ ಕಾರಣ ನಾವೇ ಕೆಲಸ ಕೊಟ್ಟಿಲ್ಲ, ಕಾರಣದ ಅಂಕಿ ತಪ್ಪಾಗಿದೆ’ ಅಂತ ಸಹಿ ಮಾಡಿಕೊಟ್ಟರು. ಕವರುಗಳ ನಕಲು ಇಟ್ಟು ಅಕ್ಕ ಹೊಸದಾಗಿ ಅರ್ಜಿ ಕೊಟ್ಟರು. ಫೆಬ್ರವರಿಯಲ್ಲಿ ಹಣ ಬಂತು. ದಿನಕ್ಕೆ 380 ರೂಪಾಯಿ ಸಂಬಳ, ಅದರ ಅರ್ಧ 190, 90 ದಿನಕ್ಕೆ 17,100. ಮಗಳ ಶಾಲೆಯ ಬಾಕಿ ಕಟ್ಟಿದೆ ಅಂತ ಹೇಳಿ ಹೋದರು. ಅಕ್ಕನಿಗೆ 2 ಒತ್ತಿದ ತಿಂಗಳು ಇನ್ನೂ ಮೂವತ್ತು ಜನಕ್ಕೆ ನಾನು ಅದನ್ನೇ ಒತ್ತಿದ್ದೆ. ಒಡಿಶಾ, ಬಿಹಾರದ ಹುಡುಗರು, ಮಧುರೈ ಕಡೆಯ ಹೆಂಗಸರು. ಅವರು ಯಾರೂ ಕೇಳಿಕೊಂಡು ಬರಲಿಲ್ಲ. ಆ ಹೆಸರುಗಳು ಇವತ್ತಿಗೂ ನನಗೆ ನೆನಪಿವೆ.

ಕೊಯಮತ್ತೂರಿಗೆ ಇ.ಎಸ್.ಐ. ಬಂದದ್ದು 1955ರಲ್ಲಿ, ಗಿರಣಿಗಳ ಕಾಲದಲ್ಲಿ. ಆದರೆ ಇಲ್ಲಿ ಯಾರನ್ನು ಕೇಳಿದರೂ ಇ.ಎಸ್.ಐ. ಅಂದರೆ ಕೊಯಮತ್ತೂರು ಸಿಂಗಾನಲ್ಲೂರಿನ ಆಸ್ಪತ್ರೆ, ಅಷ್ಟೇ. ಕೆಲಸ ಹೋದರೂ ಅದರಲ್ಲಿ ಹಣ ಉಂಟು ಅಂತ ಗೊತ್ತಿರುವವರು ಕಡಿಮೆ. ನಿಮ್ಮ ತಮ್ಮ ಕೇಳಿದ್ದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಹಣ. 2018ರ ಜುಲೈನಲ್ಲಿ ಶುರುವಾದಾಗ ಸಂಬಳದ ಕಾಲು ಭಾಗ ಕೊಡುತ್ತಿದ್ದರು, 2020ರಲ್ಲಿ ಅರ್ಧಕ್ಕೆ ಏರಿಸಿದರು. ಇಡೀ ಜೀವಮಾನಕ್ಕೆ ಒಟ್ಟು 90 ದಿನ ಮಾತ್ರ. ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಅವರ ಲೆಕ್ಕದ ಅವಧಿಗಳಿವೆ. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಆರು ವರ್ಷ ದುಡಿದವನಿಗೆ ಇದು ತೊಡಕಾಗಲಾರದು. ದುರ್ನಡತೆಗಾಗಿ ತೆಗೆದುಹಾಕಿದವರಿಗೆ, ಸ್ವಇಚ್ಛೆಯಿಂದ ನಿವೃತ್ತಿ ಪಡೆದವರಿಗೆ ಕೊಡುವುದಿಲ್ಲ. ನಾಳೆ ಕಂಪನಿಯವರು ಮಾತು ಬದಲಿಸಿ ದುರ್ನಡತೆ ಅಂದರೆ, ಆರೋಪಪಟ್ಟಿ ಯಾವಾಗ ಕೊಟ್ಟಿರಿ, ವಿಚಾರಣೆ ಯಾವಾಗ ನಡೆಸಿದಿರಿ ಅಂತ ಕೇಳಿ.

ಈಗ ಮಾಡಬೇಕಾದ್ದು. ಶಾಖೆಯಲ್ಲಿ ಬಾಯಿಮಾತಿಗೆ ‘ಆಗಲ್ಲ’ ಅಂದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಯಾವ ಷರತ್ತಿನಡಿ ತಳ್ಳಿಹಾಕಿದಿರಿ ಅಂತ ಬರಹದಲ್ಲಿ ಕೇಳಲಿ, ತನ್ನ ಪ್ರತಿಗೆ ಸೀಲು ಹಾಕಿಸಿಕೊಳ್ಳಲಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಇ.ಎಸ್.ಐ. ಪೋರ್ಟಲಿನಲ್ಲಿ ಅವನ ನಂಬರು ಹಾಕಿದರೆ ವಂತಿಗೆಯ ಇತಿಹಾಸ ಬರುತ್ತದೆ, ಪ್ರಿಂಟ್ ತೆಗೆಸಿ. ಅದೇ ಸಾಲಿನಲ್ಲಿ ಕೆಲಸ ಮಾಡಿದ ಇಬ್ಬರು ಮೂವರಿಂದ, ಇಂಥ ದಿನ ಎಲ್ಲರನ್ನೂ ಒಟ್ಟಿಗೆ ಕಳಿಸಿದರು ಅಂತ ಬರೆಸಿ ಸಹಿ ಮಾಡಿಸಿಕೊಳ್ಳಿ. ಒಂದೇ ದಿನ ಇಪ್ಪತ್ತು ಜನ ತಾವಾಗಿಯೇ ಕೆಲಸ ಬಿಟ್ಟರು ಅಂದರೆ ಯಾರು ನಂಬುತ್ತಾರೆ? ಇ.ಎಸ್.ಐ.ಯವರು ದೂರು ಕೇಳಲೆಂದೇ ತಿಂಗಳಿಗೊಮ್ಮೆ ‘ಸುವಿಧಾ ಸಮಾಗಮ’ ನಡೆಸುತ್ತಾರೆ, ಅಲ್ಲಿಗೆ ಹೋಗಿ ಮೇಲಿನ ಅಧಿಕಾರಿಯ ಕೈಗೇ ಕೊಡಲಿ.

ಅದಕ್ಕೂ ಬಗ್ಗದಿದ್ದರೆ ಇ.ಎಸ್.ಐ. ಸೌಲಭ್ಯದ ವ್ಯಾಜ್ಯಗಳಿಗೆಂದೇ ನೌಕರರ ವಿಮಾ ನ್ಯಾಯಾಲಯ ಇದೆ. 1948ರ ಇ.ಎಸ್.ಐ. ಕಾಯ್ದೆ ಹೋಗಿ 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ಆ ನ್ಯಾಯಾಲಯವನ್ನು ಉಳಿಸಿಕೊಂಡಿದ್ದಾರೆ. ಕೋರ್ಟು ಅಂದ ಕೂಡಲೇ ಹೆದರಬೇಡಿ. ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ.

ಮೊದಲು ಕಂಪನಿಯಿಂದ ತಿದ್ದುಪಡಿ ಪತ್ರ ಸಿಗುತ್ತದೆಯೇ ನೋಡೋಣ. ನಾನು ಜೊತೆಗೆ ಬರುತ್ತೇನೆ. ಅಲ್ಲಿ ಆ ಕುರ್ಚಿಯಲ್ಲಿ ಈಗ ಕೂತಿರುವವರಿಗೆ ಯಾವ ಖಾನೆಯ ವಿಷಯ ಮಾತಾಡುತ್ತಿದ್ದೇನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಅವನನ್ನು ಬಸ್ಸು ಹತ್ತಿಸಿ. ದಿಂಬಂ ಇಳಿದು ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿ ಮೇಲೆ ಸಂಜೆಗೆ ತಿರುಪ್ಪೂರು ಸೇರುತ್ತಾನೆ, ರಾತ್ರಿ ನಮ್ಮ ಮನೆಯಲ್ಲೇ ಊಟ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಲಿ. ಬಟವಾಡೆ ಕವರು ಮನೆಯಲ್ಲಿ ಎಲ್ಲಾದರೂ ಬಿದ್ದಿರಬಹುದು, ಅಮ್ಮನನ್ನು ಕೇಳಿ. ಅಕ್ಕಿ ಡಬ್ಬದ ಅಡಿಯಲ್ಲಿ, ದೇವರ ಗೂಡಿನ ಹಿಂದೆ ಹುಡುಕಿ. ಒಂದನ್ನೂ ಎಸೆಯಬೇಡಿ.

ನಿಮ್ಮ
ಗೆಳತಿ
ತಿರುಪ್ಪೂರು